ಬಿರುಬಿಸಿಲಿನಲ್ಲಿ ಹೊಲದ ಕೆಲಸ: ಮೊದಲ ವಾರದ ಎಚ್ಚರ

ಮಾಗಿ ಉಳುಮೆಗೆ ಹೋದ ರೈತ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ತನ್ನ ಎತ್ತುಗಳನ್ನು ಒಮ್ಮೆ ನೋಡುತ್ತಾನೆ. ಅವು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದರೆ, ಬಾಯಲ್ಲಿ ನೊರೆ ಕಂಡರೆ, ಸಾಲು ಅರ್ಧಕ್ಕೇ ಉಳಿದಿದ್ದರೂ ನೊಗ ಇಳಿಸಿ ಬೇವಿನ ಮರದ ಕೆಳಗೆ ಕಟ್ಟಿ ನೀರು ಕುಡಿಸುತ್ತಾನೆ. ಇದನ್ನು ಅವನಿಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಿಲ್ಲ. ಎತ್ತು ಝಳ ಬಡಿದು ಬಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತು. ಆದರೆ ಅದೇ ಹೊಲದ ಇನ್ನೊಂದು ಮಗ್ಗುಲಲ್ಲಿ ಬದು ಹಾಕುತ್ತಿರುವ ಆಳುಗಳು ಒಂದು ಗಂಟೆಯವರೆಗೂ ಗುದ್ದಲಿ ಕೆಳಗಿಡುವುದಿಲ್ಲ. ಕೆಲಸ ಗುತ್ತಿಗೆಯದಾದರೆ ಎರಡಾದರೂ ಇಡುವುದಿಲ್ಲ. ಅವರೊಡನೆ ದುಡಿಯುವ ರೈತನೂ ತನ್ನ ಮೈಯ ವಿಷಯದಲ್ಲಿ ಎತ್ತಿಗೆ ತೋರಿಸಿದ ವಿವೇಕವನ್ನು ತೋರಿಸುವುದಿಲ್ಲ.

ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳ ಬೇಸಿಗೆ ಎಲ್ಲರಿಗೂ ತಿಳಿದದ್ದೇ. ರಾಯಚೂರಿನಲ್ಲಿ 1928ರ ಮೇ 23ರಂದು 45.6° ಸೆಂಟಿಗ್ರೇಡ್ ಉಷ್ಣತೆ ದಾಖಲಾಗಿತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ 40° ದಾಟುವುದು ಇಲ್ಲಿ ವಿಶೇಷವೇನಲ್ಲ. ಈ ಕಾರಣದಿಂದಲೇ ಸರ್ಕಾರವು 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಏಳು ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸಿತು. ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ ಈ ಸೌಲಭ್ಯ ದೊರೆತಿದೆ. ಶೇಂಗಾ ಕೀಳುವವರಿಗೆ, ಹತ್ತಿಕಟ್ಟಿಗೆ ಕೀಳುವವರಿಗೆ, ಗೊಬ್ಬರ ಹೇರುವವರಿಗೆ ವೇಳೆ ಗೊತ್ತುಮಾಡುವವನು ಹೊಲದ ಯಜಮಾನ. ಆದ್ದರಿಂದ ಈ ಲೇಖನವನ್ನು ಮುಖ್ಯವಾಗಿ ಅವನನ್ನು ಉದ್ದೇಶಿಸಿಯೇ ಬರೆದಿದೆ.

ಶಾಖ ಎಲ್ಲಿಂದ ಬರುತ್ತದೆ?

ಬಿಸಿಲಿನಲ್ಲಿ ದುಡಿಯುವವನ ಮೈಗೆ ಶಾಖ ಎರಡು ಕಡೆಯಿಂದ ಬರುತ್ತದೆ. ಹೊರಗಿನ ಶಾಖವನ್ನು ನಾವೆಲ್ಲರೂ ಬಲ್ಲೆವು. ಸೂರ್ಯನದು ಒಂದು ಪಾಲು, ಕಾದ ನೆಲದ್ದು ಇನ್ನೊಂದು ಪಾಲು. ಹವಾಮಾನ ಕೇಂದ್ರದ ಉಷ್ಣಮಾಪಕವನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಇಟ್ಟಿರುತ್ತಾರೆ. ಪತ್ರಿಕೆಯಲ್ಲಿ ಬರುವ 42° ಎಂಬುದು ಆ ನೆರಳಿನ ಲೆಕ್ಕ. ಅದೇ ಹೊತ್ತಿಗೆ ಬರಿಯ ಎರೆಭೂಮಿಯ ಮೇಲ್ಮೈ 60° ದಾಟುವುದುಂಟು. ಬಗ್ಗಿ ಶೇಂಗಾ ಕೀಳುವ ಹೆಣ್ಣುಮಗಳ ಮುಖ ಆ ನೆಲಕ್ಕೆ ಎರಡು ಅಡಿಯಷ್ಟೇ ದೂರದಲ್ಲಿರುತ್ತದೆ.

ಒಳಗಿನ ಶಾಖವನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಡೀಸೆಲ್ ಎಂಜಿನ್ ಓಡಿದಾಗ ಕಾಯುವ ಹಾಗೆಯೇ ದುಡಿಯುವ ಸ್ನಾಯುಗಳೂ ಕಾಯುತ್ತವೆ. ಗುದ್ದಲಿ ಹಿಡಿದು ಅಗೆಯುವ ಆಳು ಗಂಟೆಗೆ ಸುಮಾರು 400 ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತಾನೆ. ಇದರಲ್ಲಿ ಮಣ್ಣು ಎತ್ತುವ ಕೆಲಸಕ್ಕೆ ಬರುವುದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದ 320 ಕಿಲೋಕ್ಯಾಲೊರಿ ಮೈಯೊಳಗೆ ಶಾಖವಾಗಿ ಸೇರುತ್ತದೆ. ಐವತ್ತು ಕಿಲೋ ತೂಕದ ಮನುಷ್ಯನ ಮೈಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 42 ಕಿಲೋಕ್ಯಾಲೊರಿ ಸಾಕು. ಈ ಶಾಖ ಹೊರಗೆ ಹೋಗದೆ ನಿಂತಿತೆಂದುಕೊಳ್ಳಿ. ಅರ್ಧ ಗಂಟೆ ತುಂಬುವುದರೊಳಗೆ ಮೈ 37°ಯಿಂದ 40°ಗೆ ಏರಿಬಿಡುತ್ತದೆ. 40° ದಾಟಿದ ಮೇಲೆ ಮಿದುಳು ಸರಿಯಾಗಿ ಕೆಲಸ ಮಾಡುವುದಿಲ್ಲ.

ಹಾಗೆ ಆಗದಂತೆ ಕಾಯುವುದು ಬೆವರು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಹೇಗೆ? ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗಿ ಹೋಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಚರ್ಮವೂ ಅಂಥದೊಂದು ಗಡಿಗೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಬಿಟ್ಟು ಹೋಗುತ್ತದೆ. ಅಂದರೆ ಮೇಲೆ ಹೇಳಿದ ಆಳಿಗೆ ಒಳಗಿನ ಶಾಖವನ್ನು ಕಳೆಯಲೆಂದೇ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೆವರು ಬೇಕು. ಬಿಸಿಲಿನ ಪಾಲನ್ನು ಸೇರಿಸಿದರೆ ಒಂದು ಲೀಟರಿನ ಸುಮಾರಿಗೆ ಬಂದು ನಿಲ್ಲುತ್ತದೆ. ಚರ್ಮದ ಉಷ್ಣತೆ ಸುಮಾರು 35°. ಗಾಳಿಯ ಉಷ್ಣತೆ ಅದಕ್ಕಿಂತ ಹೆಚ್ಚಾದಾಗ ಗಾಳಿ ಮೈಯನ್ನು ತಂಪು ಮಾಡುವುದರ ಬದಲು ಕಾಯಿಸತೊಡಗುತ್ತದೆ. ಆಗ ನಮಗೆ ಉಳಿಯುವ ದಾರಿ ಬೆವರೊಂದೇ.

ಇಲ್ಲಿ ಒಂದು ಮಾತನ್ನು ರೈತ ಬಾಂಧವರು ವಿಶೇಷವಾಗಿ ಗಮನಿಸಬೇಕು. ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಅಪಾಯವನ್ನು ಅಳೆಯಬಾರದು. ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಆವಿಯಾಗುವಿಕೆಯಿಂದ ಎಷ್ಟು ತಂಪು ಸಿಗಬಹುದೆಂಬುದನ್ನು ತೋರಿಸುತ್ತದೆ. 42° ಉಷ್ಣತೆ, ಶೇ. 20ರಷ್ಟು ತೇವಾಂಶವಿರುವ ಒಣ ದಿನ ಅದು ಸುಮಾರು 24° ತೋರಿಸಿದರೆ, ಉಷ್ಣತೆ 34°ಗೆ ಇಳಿದು ತೇವಾಂಶ ಶೇ. 70ಕ್ಕೆ ಏರಿದ ದಿನ ಸುಮಾರು 29° ತೋರಿಸುತ್ತದೆ. ಮುಂಗಾರಿಗೆ ಮೊದಲು ಒಂದು ಅಡ್ಡಮಳೆ ಬಂದು ಹೋದ ಮರುದಿನ ನಮ್ಮ ಜನ “ಬಿಸಿಲು ಕಡಿಮೆಯಾಯಿತು” ಎಂದು ಹೆಚ್ಚು ಹೊತ್ತು ಕೆಲಸಕ್ಕೆ ನಿಲ್ಲುತ್ತಾರೆ. ಬೆವರು ಮಾತ್ರ ಆರದೆ ಮೈಮೇಲೆ ಧಾರೆಯಾಗಿ ಇಳಿಯುತ್ತಿರುತ್ತದೆ. ಇಳಿದುಹೋದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರು ನಷ್ಟವಾದದ್ದಷ್ಟೇ. ಎತ್ತರಕ್ಕೆ ಬೆಳೆದ ಕಬ್ಬಿನ ಒಳಗೆ, ನೀರು ನಿಂತ ಭತ್ತದ ಗದ್ದೆಯಲ್ಲಿ ಆಗುವುದೂ ಇದೇ. ಒಣ ದಿನದ ಅಪಾಯ ಬೇರೆ ಬಗೆಯದು. ಬೆವರು ಬಂದದ್ದೇ ತಿಳಿಯದ ಹಾಗೆ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬ ಅಂದಾಜೇ ಸಿಗುವುದಿಲ್ಲ.

ಒಂದು ಪ್ರಯೋಗದ ತಾಕಿನಲ್ಲಿ ನಡೆದದ್ದು

ಸುಮಾರು ಹದಿನೈದು ವರ್ಷಗಳ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇಸಿಗೆ ಶೇಂಗಾದ ಒಂದು ಪ್ರಯೋಗ ನನ್ನ ಪಾಲಿಗೆ ಬಂದಿತ್ತು. ಮೂವತ್ತಾರು ತಾಕುಗಳು. ಎಲ್ಲವನ್ನೂ ಒಂದೇ ದಿನ ಕಿತ್ತು ತೂಗಿದರೆ ಲೆಕ್ಕದಲ್ಲಿ ವ್ಯತ್ಯಾಸ ಬರುವುದಿಲ್ಲವೆಂಬುದು ನನ್ನ ಹಟ. ಮೇ ತಿಂಗಳ ಮೊದಲ ವಾರ ಅದು. ತಾಕಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿದ್ದರಿಂದ ಆಳುಗಳು ಬುತ್ತಿ ಬಿಚ್ಚಲೂ ನಿಲ್ಲದೆ ದುಡಿಯುತ್ತಿದ್ದರು. ಅದನ್ನು ನೋಡಿ ನನಗೆ ಸಂತೋಷವೇ ಆಗಿತ್ತು.

ಅವರಲ್ಲಿ ಒಬ್ಬ ಯುವಕ ಬೆಂಗಳೂರಿನಲ್ಲಿ ಎರಡು ವರ್ಷ ಕಾವಲುಗಾರನಾಗಿದ್ದು ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ಗಟ್ಟಿಮುಟ್ಟಾದ ಆಳು. ಉಳಿದವರಿಗಿಂತ ಒಂದು ತಾಕು ಮುಂದಿದ್ದ. ಮಧ್ಯಾಹ್ನ ಒಂದರ ಸುಮಾರಿಗೆ ಕಿತ್ತ ಗಿಡವನ್ನೇ ಮತ್ತೆ ನೆಲಕ್ಕೆ ಒತ್ತಿ ಕೀಳತೊಡಗಿದ. ಕರೆದರೆ ಸಂಬಂಧವಿಲ್ಲದ ಮಾತು ಆಡಿದ. ಎದ್ದು ನಾಲ್ಕು ಹೆಜ್ಜೆ ತೂರಾಡಿ ಬಿದ್ದ. ಮೇಲ್ವಿಚಾರಣೆಗೆ ನಿಂತಿದ್ದವರೊಬ್ಬರು “ಕುಡಿದು ಬಂದಿದ್ದಾನೆ” ಎಂದರು. ನಾನೂ ನಂಬಿದೆ. ಪಕ್ಕದ ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಕುಡಿಯಾಂವಲ್ರೀ ಸಾಹೇಬ್ರ, ಮೈ ಮುಟ್ಟಿ ನೋಡ್ರಿ, ಹಂಚಿನಂಗ ಕಾದದ” ಎಂದಳು. ಮುಟ್ಟಿ ನೋಡಿದೆ. ಆಕೆ ಹೇಳಿದ್ದು ನಿಜವಾಗಿತ್ತು.

ಆಮೇಲೆ ಆದದ್ದೆಲ್ಲ ಆ ಮುದುಕಿ ಹೇಳಿದಂತೆ. ನಾಲ್ವರು ಸೇರಿ ಅವನನ್ನು ಪಂಪ್‌ಸೆಟ್ಟಿನ ತೊಟ್ಟಿಗೆ ಹೊತ್ತೊಯ್ದು ಕುತ್ತಿಗೆಯವರೆಗೂ ನೀರಿನಲ್ಲಿ ಇಳಿಸಿ ಹಿಡಿದುಕೊಂಡೆವು. ನಾನು ಹೇಳಿದಂತೆ ಕೇಳಿದ್ದರೆ ಜೀಪು ಬರುವವರೆಗೆ ಮರದ ಕೆಳಗೆ ಮಲಗಿಸಿ ಕಾಯುತ್ತಿದ್ದೆವು. ಆ ದಿನ ಜೀಪು ಬಂದದ್ದು ಮುಕ್ಕಾಲು ಗಂಟೆಯ ನಂತರ. ಜೀವ ಉಳಿಯಿತು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಈಗ ಆತ ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಬಿಸಿಲಿನ ಕೆಲಸ ಅವನಿಂದ ಮತ್ತೆ ಆಗಲಿಲ್ಲ. ಉಳಿದ ತಾಕುಗಳನ್ನು ಮರುದಿನ, ಅದರ ಮರುದಿನ ಕಿತ್ತೆವು. ಲೆಕ್ಕ ಕೆಟ್ಟದ್ದೇನೂ ಕಾಣಲಿಲ್ಲ.

ಅಂದಿನ ತಪ್ಪು ನನ್ನದೇ. ಬೇಸಾಯಶಾಸ್ತ್ರ ಓದಿದ ನನಗೆ ಸಸಿಯನ್ನು ನರ್ಸರಿಯ ನೆರಳಿನಿಂದ ತೆಗೆದು ಒಮ್ಮೆಲೇ ಬಿಸಿಲಿಗೆ ನೆಡಬಾರದು, ನಾಲ್ಕಾರು ದಿನ ಹದಗೊಳಿಸಬೇಕು ಎಂಬುದು ಗೊತ್ತಿತ್ತು. ಮನುಷ್ಯನಿಗೂ ಅದು ಬೇಕೆಂಬುದು ಗೊತ್ತಿರಲಿಲ್ಲ.

ಮೊದಲ ವಾರ ಏಕೆ ಕೆಟ್ಟದ್ದು?

ಬಿಸಿಲಿನಲ್ಲಿ ದಿನವೂ ದುಡಿಯುವವನ ಮೈಯಲ್ಲಿ ಒಂದರಿಂದ ಎರಡು ವಾರದೊಳಗೆ ಹಲವು ಬದಲಾವಣೆಗಳಾಗುತ್ತವೆ. ಬೆವರು ಬೇಗ ಬರತೊಡಗುತ್ತದೆ, ಹೆಚ್ಚು ಬರುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ವೇಗವಾಗಿ ಬಡಿದುಕೊಳ್ಳಬೇಕಾಗುವುದಿಲ್ಲ. ಮೈ ಹೀಗೆ ಹದಗೊಳ್ಳುವ ಮೊದಲೇ ಪೂರ್ತಿ ಕೆಲಸ ಹೇರಿದಾಗ ಅನಾಹುತವಾಗುತ್ತದೆ. ಹೊರಗೆ ದುಡಿಯುವಾಗ ಝಳ ಬಡಿದು ಸತ್ತವರಲ್ಲಿ ಬಹುಪಾಲು ಜನ ಕೆಲಸಕ್ಕೆ ಬಂದ ಮೊದಲ ಕೆಲವು ದಿನಗಳಲ್ಲೇ ಸತ್ತಿದ್ದಾರೆಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ದಾಖಲೆಗಳಿಂದ ತಿಳಿದುಬಂದಿದೆ.

ಇದು ಗಣಿಗಳಲ್ಲಿ ಬಹಳ ಹಿಂದೆಯೇ ತಿಳಿದಿದ್ದ ವಿಷಯ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ 1920 ಮತ್ತು 1930ರ ದಶಕಗಳಲ್ಲಿ ಹೊಸ ಕೆಲಸಗಾರರು ಆಳದ ಸೆಖೆಗೆ ಬಲಿಯಾಗುವುದನ್ನು ಕಂಡು, ಅವರನ್ನು ಸ್ವಲ್ಪಸ್ವಲ್ಪವಾಗಿ ಕೆಲಸಕ್ಕೆ ಒಗ್ಗಿಸುವ ಕ್ರಮವನ್ನು ತಂದರು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ 1940ರ ದಶಕದಲ್ಲಿ ಕ್ಯಾಪ್ಲನ್ ಎಂಬುವರು ನೆಲದಾಳದಲ್ಲಿ ಕುಸಿದು ಬೀಳುವ ಕೆಲಸಗಾರರನ್ನು ಕುರಿತು ಅಭ್ಯಾಸ ಮಾಡಿ ಪ್ರಕಟಿಸಿದ್ದರು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕಲಿತ ಪಾಠ ನೆಲದ ಮೇಲಿನ ಹೊಲಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ.

ಹೊಸಬರನ್ನು ಒಗ್ಗಿಸುವ ಕ್ರಮ ಸುಲಭವಾದದ್ದು. ಬಿಸಿಲಿನ ಕೆಲಸಕ್ಕೆ ತೀರ ಹೊಸಬನಾದವನಿಗೆ ಮೊದಲ ದಿನ ವಾಡಿಕೆಯ ಕೆಲಸದ ಐದರಲ್ಲಿ ಒಂದು ಪಾಲು ಮಾತ್ರ ಕೊಡಬೇಕು. ಆಮೇಲೆ ದಿನಕ್ಕೆ ಐದನೇ ಒಂದರಂತೆ ಏರಿಸಿದರೆ ಐದನೆಯ ದಿನಕ್ಕೆ ಪೂರ್ತಿ ಕೆಲಸವಾಗುತ್ತದೆ. ಮೊದಲು ದುಡಿದು ಅಭ್ಯಾಸವಿದ್ದು ನಡುವೆ ಬಿಟ್ಟು ಬಂದವನಿಗೆ ಮೊದಲ ದಿನ ಅರ್ಧ, ಎರಡನೆಯ ದಿನ ಶೇ. 60, ಮೂರನೆಯ ದಿನ ಶೇ. 80, ನಾಲ್ಕನೆಯ ದಿನ ಪೂರ್ತಿ. ಹದಗೊಂಡ ಮೈ ಒಂದು ವಾರ ಬಿಸಿಲಿನಿಂದ ದೂರವಿದ್ದರೂ ಆ ಹದವನ್ನು ಕಳೆದುಕೊಳ್ಳತೊಡಗುತ್ತದೆ. ತಿಂಗಳಾದರೆ ಬಹುಮಟ್ಟಿಗೆ ಹೋಗಿಯೇ ಬಿಡುತ್ತದೆ. ಆದ್ದರಿಂದ ಜ್ವರ ಬಿದ್ದು ಎದ್ದವರು, ಮದುವೆ ಜಾತ್ರೆಗೆಂದು ಹತ್ತು ದಿನ ಊರು ಬಿಟ್ಟವರು, ನಗರದಿಂದ ಹಿಂತಿರುಗಿದವರು, ಪರೀಕ್ಷೆ ಮುಗಿಸಿ ಅಪ್ಪನೊಡನೆ ಹೊಲಕ್ಕೆ ಬರುವ ಕಾಲೇಜು ಹುಡುಗರು, ಇವರೆಲ್ಲರೂ ಹೊಸಬರೇ. ಏಪ್ರಿಲಿನಲ್ಲಿ ಬಿಸಿಲು ಒಮ್ಮೆಲೇ ನಾಲ್ಕೈದು ಡಿಗ್ರಿ ಏರಿದ ದಿನ ಎಲ್ಲರೂ ಹೊಸಬರೆಂದೇ ತಿಳಿಯಬೇಕು. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ವರದಿಯಲ್ಲಿ ಮುಂದಿನ ದಿನಗಳ ಉಷ್ಣತೆ, ತೇವಾಂಶ ಎರಡನ್ನೂ ಕೊಡುತ್ತಾರೆ. ಮಳೆಗಾಗಿ ಮಾತ್ರ ಅದನ್ನು ನೋಡುವ ಅಭ್ಯಾಸ ಸಾಲದು.

ಗುತ್ತಿಗೆಯ ಪ್ರಶ್ನೆ

ಇಷ್ಟು ಓದಿದ ಮೇಲೆ ರೈತ ಕೇಳುವ ಪ್ರಶ್ನೆ ನನಗೆ ಗೊತ್ತು. ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಡುವವರು ಯಾರು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಹಿಡುವಳಿದಾರನಿಗೆ ಒಂದು ದಿನದ ಕೂಲಿಯೂ ದೊಡ್ಡದೇ. ಆದರೆ ಗುತ್ತಿಗೆಯಲ್ಲಿ ಮೈಯ ಎಚ್ಚರಿಕೆಯನ್ನು ಮೀರಿ ದುಡಿಯುವಂತೆ ಮಾಡುವ ಗುಣವಿದೆ. ಎಷ್ಟು ಕೆಲಸವೋ ಅಷ್ಟು ಹಣ ಎಂದಾಗ ನೀರು ಕುಡಿಯಲು ಎದ್ದರೂ ನಷ್ಟವೆನಿಸುತ್ತದೆ. ಉದ್ಯೋಗ ಖಾತರಿ ಯೋಜನೆಯ ಮಣ್ಣು ಕೆಲಸದಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಬೇಸಿಗೆಯ ತಿಂಗಳುಗಳಲ್ಲಿ ಕೂಲಿಯನ್ನು ಇಳಿಸದೆ ಅಗೆಯಬೇಕಾದ ಅಳತೆಯನ್ನು ಇಳಿಸುತ್ತಿದ್ದುದು ಈ ಕಾರಣಕ್ಕೇ. ಖಾಸಗಿ ಹೊಲದಲ್ಲಿಯೂ ಹೊಸಬರಿಗೆ ಮೊದಲ ನಾಲ್ಕು ದಿನ ದಿನಗೂಲಿಯನ್ನೇ ಗೊತ್ತುಮಾಡಿ, ಐದನೆಯ ದಿನದಿಂದ ಗುತ್ತಿಗೆಗೆ ಸೇರಿಸಿಕೊಳ್ಳುವುದು ನ್ಯಾಯವಾದ ದಾರಿ. ಇದನ್ನು ಕೆಲಸ ಮಾತಾಡುವಾಗಲೇ ಮೇಸ್ತ್ರಿಯೊಡನೆ ಸ್ಪಷ್ಟಪಡಿಸಿಕೊಳ್ಳಬೇಕು, ಹೊಲಕ್ಕೆ ಬಂದ ಮೇಲೆ ಅಲ್ಲ.

ವಿರಾಮ ಕೊಟ್ಟರೆ ಕೆಲಸ ಕುಂಠಿತವಾಗುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವ ದೇಶಗಳಲ್ಲಿ ಬಿಸಿಲಿನಲ್ಲಿ ಕಬ್ಬು ಕಡಿಯುವ ಯುವಕರು ಮೂತ್ರಪಿಂಡದ ರೋಗದಿಂದ ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಎಲ್ ಸಾಲ್ವಡಾರಿನಲ್ಲಿ 2014–15ರ ಹಂಗಾಮಿನಲ್ಲಿ ಒಂದು ಗುಂಪಿಗೆ ಹೊಲದಲ್ಲೇ ನೆರಳಿನ ಡೇರೆ, ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ, ಗೊತ್ತಾದ ವಿರಾಮ, ಹಗುರವಾದ ಕತ್ತಿ ಒದಗಿಸಿ ನೋಡಿದರು. ಆಳೊಬ್ಬನ ದಿನದ ಕಟಾವು 5.1 ಟನ್ನಿನಿಂದ 7.3 ಟನ್ನಿಗೆ ಏರಿತು. ಗುಂಪು ಚಿಕ್ಕದು, ಕತ್ತಿಯ ಪಾಲೂ ಅದರಲ್ಲಿದೆ. ಆದರೂ ವಿರಾಮ ಕೊಟ್ಟದ್ದರಿಂದ ಕಟಾವು ಇಳಿಯಲಿಲ್ಲವೆಂಬುದು ಸ್ಪಷ್ಟ.

ವೇಳೆ ಮತ್ತು ನೆರಳು

ಸೂರ್ಯನ ಶಾಖ ನಡುಹಗಲಿಗೆ ಹೆಚ್ಚು, ಗಾಳಿಯ ಉಷ್ಣತೆ ಅತಿ ಹೆಚ್ಚಾಗುವುದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ನಡುವೆ. ಹೀಗಾಗಿ ಸಂಜೆ ನಾಲ್ಕಕ್ಕಿಂತ ಬೆಳಗಿನ ಎಂಟು ಬಹಳ ಒಳ್ಳೆಯ ಹೊತ್ತು. ಬೆಳಗಿನ ಒಂದು ಗಂಟೆ ಸಂಜೆಯ ಎರಡು ಗಂಟೆಗೆ ಸಮ ಎಂದು ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದುದರಲ್ಲಿ ಅರ್ಥವಿದೆ. ಮೇ ತಿಂಗಳಲ್ಲಿ ಐದೂವರೆಗೆ ಕೆಲಸ ಹಿಡಿದು ಹತ್ತೂವರೆಗೆ ಬಿಟ್ಟರೆ ಐದು ಗಂಟೆ ದೊರೆಯುತ್ತದೆ. ಸಂಜೆ ಐದರಿಂದ ಮತ್ತೆರಡು ಗಂಟೆ. ಅಗೆತ, ಹೇರುವಿಕೆಯಂತಹ ಭಾರದ ಕೆಲಸಗಳನ್ನು ಬೆಳಿಗ್ಗೆ ಮುಗಿಸಿ, ಶೇಂಗಾ ಕಾಯಿ ಬಿಡಿಸುವುದು, ಬೀಜ ಆರಿಸುವುದು, ಚೀಲ ಹೊಲಿಯುವುದು ಮುಂತಾದವನ್ನು ಹಗಲಿನ ನೆರಳಿಗೆ ಇಟ್ಟುಕೊಳ್ಳಬೇಕು. ಶೇಂಗಾ ಕೀಳುವ ಮುನ್ನಾದಿನ ಸಂಜೆ ತೆಳುವಾಗಿ ನೀರು ಹಾಯಿಸಿದರೆ ಬೆಳಿಗ್ಗೆ ನೆಲ ಸಡಿಲವಾಗಿದ್ದು, ಕೀಳುವ ಶ್ರಮ ಕಡಿಮೆಯಾಗುತ್ತದೆ, ಕಾಯಿಯೂ ನೆಲದಲ್ಲಿ ಉಳಿಯುವುದಿಲ್ಲ.

ಅನಿವಾರ್ಯವಾಗಿ ಹತ್ತೂವರೆಯ ನಂತರವೂ ದುಡಿಯಬೇಕಾದರೆ ಮುಕ್ಕಾಲು ಗಂಟೆ ಕೆಲಸ, ಕಾಲು ಗಂಟೆ ನೆರಳು ಎಂಬ ಲೆಕ್ಕವನ್ನು ಬಿಡಬಾರದು. ನೆರಳೆಂದರೆ ಎರಡು ಫರ್ಲಾಂಗು ದೂರದ ಮರವಲ್ಲ, ಅಷ್ಟು ದೂರ ಯಾರೂ ಹೋಗುವುದಿಲ್ಲ. ನಾಲ್ಕು ಗಳ ನೆಟ್ಟು ಮೇಲೆ ತೊಗರಿಕಟ್ಟಿಗೆ, ಜೋಳದ ಸೊಪ್ಪೆ ಹರಡಿದ ಚಪ್ಪರ ಸಾಕು. ತಗಡಿನದು ಬೇಡ, ಅದು ತಾನೇ ಕಾದು ಕೆಳಗೆ ಕುಳಿತವರನ್ನು ಬೇಯಿಸುತ್ತದೆ.

ನೀರು ಮತ್ತು ಉಪ್ಪು

ಬಾಯಾರಿಕೆ ಸ್ವಲ್ಪ ತಡವಾಗಿ ಎಚ್ಚರಿಸುವ ಕಾವಲುಗಾರ. ಅದಕ್ಕೆ ಕಾಯದೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು ಕಾಲು ಲೀಟರ್ ಕುಡಿಯಬೇಕು. ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಆಗುತ್ತದೆ. ಒಂದೂವರೆ ಲೀಟರ್ ಮೀರಬಾರದು, ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಬೇರೆ ಅಪಾಯವಾಗುತ್ತದೆ. ಹತ್ತು ಆಳು ಆರು ಗಂಟೆ ದುಡಿದರೆ ಕಡಿಮೆಯೆಂದರೂ 45 ಲೀಟರ್ ಬೇಕಾಯಿತು. ನಾವು ಸಾಮಾನ್ಯವಾಗಿ ಹೊಲಕ್ಕೆ ಒಯ್ಯುವುದು ಒಂದು ಕೊಡ. ಅದರಲ್ಲಿ 15 ಲೀಟರ್ ಹಿಡಿದರೆ ಹೆಚ್ಚು. ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಿನ ಮಾತ್ರೆ ಬೇಕಾಗಿಲ್ಲ. ಊಟ ಬಿಡದೆ ಮಾಡಿದರೆ, ಉಪ್ಪು ಹಾಕಿದ ನೀರು ಮಜ್ಜಿಗೆ, ಜೋಳದ ಅಂಬಲಿ ಕುಡಿದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಎಡೆಬಿಡದೆ ಬೆವರುವ ಕೆಲಸವಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟವಾಗಿ ಅಳೆದು ಕಲಸಿಕೊಳ್ಳಬಹುದು. ಔಷಧಿ ಅಂಗಡಿಯ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು, ಅರ್ಧ ಪೊಟ್ಟಣ ಲೋಟಕ್ಕೆ ಸುರಿದು ಕುಡಿಯುವುದು ತಪ್ಪು. ಹಿಂದಿನ ರಾತ್ರಿ ಸಾರಾಯಿ ಕುಡಿದವನ ಮೈ ಬೆಳಿಗ್ಗೆಯೇ ನೀರು ಕಳೆದುಕೊಂಡಿರುತ್ತದೆ, ಅವನನ್ನು ಆ ದಿನ ಭಾರದ ಕೆಲಸಕ್ಕೆ ಹಚ್ಚಬಾರದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು, ತಾವಾಗಿಯೇ ಗುಳಿಗೆ ನಿಲ್ಲಿಸಬಾರದು.

ಹೆಣ್ಣಾಳುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅವರಲ್ಲಿ ಅನೇಕರು ಹೊಲದಲ್ಲಿ ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಮರೆಯಿಲ್ಲ. ಬೆಳೆ ಕಿತ್ತ ಬೇಸಿಗೆಯ ಬಯಲಿನಲ್ಲಿ ಒಂದು ಪೊದೆಯೂ ಇರುವುದಿಲ್ಲ. ಇದನ್ನು ಅವರು ಯಜಮಾನನಿಗೆ ಹೇಳುವುದಿಲ್ಲ, ಅವನಿಗೆ ತೋಚುವುದೂ ಇಲ್ಲ. ನಾಲ್ಕು ಗಳ, ಹಳೆಯ ತಾಡಪತ್ರಿ ಅಥವಾ ಗೋಣಿಚೀಲಗಳಿಂದ ಒಂದು ಮರೆ ಕಟ್ಟಿಸಿಕೊಟ್ಟರೆ ಎಷ್ಟೋ ಉಪದೇಶಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ. ಮೂತ್ರ ಕಡುಹಳದಿಯಾಗಿ ಉರಿ ಕಂಡರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ತಿಳಿಯಬೇಕು. ಬಸುರಿಯರನ್ನು ಈ ತಿಂಗಳುಗಳಲ್ಲಿ ಬಿಸಿಲಿನ ಕೆಲಸಕ್ಕೆ ಕರೆಯಲೇಬಾರದು.

ಉಡುಪಿನ ವಿಷಯದಲ್ಲಿ ನಮ್ಮ ಜನರಿಗೆ ಹೇಳಿಕೊಡುವುದು ಹೆಚ್ಚೇನಿಲ್ಲ. ಸಡಿಲವಾದ ಬಿಳಿ ಹತ್ತಿಬಟ್ಟೆ, ತಲೆಗೆ ರುಮಾಲು, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುವ ಹೆಣ್ಣಾಳುಗಳ ರೂಢಿ ಬಹಳ ಸರಿಯಾದದ್ದು. ಒಣಗಾಳಿಯ ದಿನ ರುಮಾಲನ್ನು ಆಗಾಗ ನೀರಿನಲ್ಲಿ ಅದ್ದಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಔಷಧಿ ಸಿಂಪಡಿಸುವವರು ಮಾತ್ರ ಬೇರೆಯಾಗಿ ಯೋಚಿಸಬೇಕು. ಅವರು ತೊಡಬೇಕಾದ ಕೈಗವಸು, ಮುಸುಕು, ಪ್ಲಾಸ್ಟಿಕ್ ಹೊದಿಕೆಗಳು ಬೆವರು ಆರದಂತೆ ತಡೆಯುತ್ತವೆ, ಬೆವರಿದ ಚರ್ಮದೊಳಗೆ ವಿಷ ಸುಲಭವಾಗಿ ಇಳಿಯುತ್ತದೆ. ಸೆಖೆಗೆ ಹೊದಿಕೆ ತೆಗೆದಿಡುವುದು ಪರಿಹಾರವಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ ಸಿಂಪಡಣೆ ಮುಗಿಸಬೇಕು, ಆಗದಿದ್ದರೆ ಮರುದಿನಕ್ಕೆ ಬಿಡಬೇಕು. ಸಿಂಪಡಿಸುವಾಗ ಬಿದ್ದವನ ಕಣ್ಣಿನ ಪಾಪೆ ಸೂಜಿಮೊನೆಯಂತೆ ಕಿರಿದಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅದು ವಿಷದ ಲಕ್ಷಣ. ಔಷಧಿಯ ಡಬ್ಬಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಝಳ ಬಡಿದಾಗ

ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಹೊಟ್ಟೆಗಳ ಸ್ನಾಯು ಹಿಡಿದುಕೊಳ್ಳುವುದು, ಅತಿಯಾದ ನಿಶ್ಶಕ್ತಿ ಇವು ಮೊದಲ ಲಕ್ಷಣಗಳು. ಇಷ್ಟರಲ್ಲೇ ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ಬಟ್ಟೆ ಸಡಿಲಿಸಿ ಉಪ್ಪು ಸಕ್ಕರೆಯ ನೀರು ಕುಡಿದು ಮಲಗಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣುತ್ತದೆ. ಕಾಣದಿದ್ದರೆ ಆಸ್ಪತ್ರೆಗೆ ಹೋಗಬೇಕು. ಸ್ವಲ್ಪ ಸುಧಾರಿಸಿತೆಂದು ಮತ್ತೆ ಸಾಲು ಹಿಡಿಯಬಾರದು, ಒಂಟಿಯಾಗಿ ಮನೆಗೆ ಕಳುಹಿಸಲೂ ಬಾರದು.

ಮಾತು ತಪ್ಪಿದರೆ, ನಡಿಗೆ ತೂರಾಡಿದರೆ, ಸಿಡಿಮಿಡಿಗೊಂಡು ವಿಚಿತ್ರವಾಗಿ ಆಡಿದರೆ, ಸೆಳವು ಬಂದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಚರ್ಮ ಒಣಗಿರಲೇಬೇಕೆಂದಿಲ್ಲ. ದುಡಿಯುತ್ತಲೇ ಬಿದ್ದವನ ಮೈ ಬೆವರಿನಿಂದ ತೊಯ್ದಿರಲೂಬಹುದು. ಬೆವರಿದೆಯಲ್ಲ ಎಂದು ಸುಮ್ಮನಿರಬಾರದು. ಕುಡಿದಿದ್ದಾನೆ, ಮೈಮೇಲೆ ಬಂದಿದೆ ಎಂದು ಮಾತಾಡುತ್ತ ನಿಂತರೆ ಹೊತ್ತು ಹೋಗುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಉಳಿದವರು ಅದೇ ಕ್ಷಣ ತಂಪು ಮಾಡಲು ತೊಡಗಬೇಕು. ಮೊದಲು ತಂಪು, ಆಮೇಲೆ ಸಾಗಣೆ. ಪಂಪ್‌ಸೆಟ್ಟಿನ ತೊಟ್ಟಿ, ದನಗಳಿಗೆ ನೀರು ಕುಡಿಸುವ ಬಾನಿ, ಕೃಷಿಹೊಂಡದ ಅಂಚು, ಕಾಲುವೆ ಯಾವುದಾದರೂ ಸರಿ, ಕುತ್ತಿಗೆಯವರೆಗೂ ಇಳಿಸಿ ತಲೆಯನ್ನು ಇಬ್ಬರು ಭದ್ರವಾಗಿ ಹಿಡಿದಿರಬೇಕು. ಬಿಸಿಲಿಗೆ ಕಾದ ಪೈಪಿನ ಮೊದಲ ನೀರನ್ನು ಹರಿಯಬಿಟ್ಟು ಆಮೇಲೆ ಬಳಸಬೇಕು. ನೀರಿಗೆ ಇಳಿಸುವ ಅನುಕೂಲವಿಲ್ಲದಿದ್ದರೆ ಮೈಮೇಲೆ ಕೊಡಗಟ್ಟಲೆ ನೀರು ಸುರಿಯುತ್ತ ಮೊರದಿಂದ, ಟವೆಲ್ಲಿನಿಂದ ಬಿಡದೆ ಗಾಳಿ ಹಾಕಬೇಕು. ತಾಡಪತ್ರಿಯನ್ನು ನಾಲ್ವರು ಜೋಲಿಯಂತೆ ಎತ್ತಿ ಹಿಡಿದು ಅದರಲ್ಲಿ ಮಲಗಿಸಿ ನೀರು ತುಂಬಿಸುವುದೂ ಒಳ್ಳೆಯ ಉಪಾಯ. ಎಚ್ಚರವಿಲ್ಲದವನ ಬಾಯಿಗೆ ನೀರಾಗಲಿ ಮಜ್ಜಿಗೆಯಾಗಲಿ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಇದಕ್ಕೆ ಉಪಯೋಗವಿಲ್ಲ. ವಾಹನ ಬಂದ ಮೇಲೆ ಒದ್ದೆ ಬಟ್ಟೆಯಲ್ಲೇ, ಕಿಟಕಿ ತೆರೆದು, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ಒಯ್ಯಬೇಕು.

ಹೊಲಕ್ಕೆ ಬರುವ ದಾರಿಯನ್ನು ವಾಹನದವರಿಗೆ ಫೋನಿನಲ್ಲಿ ಹೇಗೆ ಹೇಳುವುದೆಂಬುದನ್ನು ಕೆಲಸ ಶುರುವಾಗುವ ದಿನವೇ ಯೋಚಿಸಿಟ್ಟುಕೊಳ್ಳಬೇಕು. ಯಾವ ರಸ್ತೆ, ಯಾವ ಹಳ್ಳ ದಾಟಿ, ಯಾವ ಗುಡಿಯ ಹತ್ತಿರ ಕಾಯಬೇಕು ಎಂಬುದು ಮೇಸ್ತ್ರಿಗೂ ತಿಳಿದಿರಲಿ. ಒಬ್ಬರು ರಸ್ತೆಯ ತಿರುವಿಗೆ ಹೋಗಿ ನಿಲ್ಲಲಿ. ಉಷ್ಣಾಘಾತದಿಂದ ಉಳಿದವನು ವೈದ್ಯರು ಒಪ್ಪುವವರೆಗೆ ಬಿಸಿಲಿಗೆ ಇಳಿಯಬಾರದು. ಒಪ್ಪಿದ ಮೇಲೆಯೂ ಅವನನ್ನು ಹೊಸಬನೆಂದೇ ಎಣಿಸಿ, ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸದಿಂದ ಆರಂಭಿಸಬೇಕು.